ಕೂತವನ ಎತ್ತರದ ಬೆಂಚು

ಆಸ್ಪತ್ರೆಯಲ್ಲಿ ಬಲಗಾಲು ತೆಗೆದ ಮೇಲೆ ನನ್ನ ಜೊತೆಗಾರ ಭಾಂಡುಪಿನ ನಮ್ಮ ಗಾಲಾಕ್ಕೆ, ಅಂದರೆ ಕೆಲಸದ ಶೆಡ್ಡಿಗೆ, ಮೊದಲ ಸಲ ಬಂದ ದಿನ ನಾನು ಅವನಿಗೆಂದು ಒಂದು ಕುರ್ಚಿ ಹಾಕಿಟ್ಟಿದ್ದೆ. ಅವನು ಅದರ ಕಡೆ ನೋಡಲಿಲ್ಲ. ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಅದೇ ಗೋಡೆಗೆ ಬೆನ್ನು ಕೊಟ್ಟು ನಿಧಾನ ಜಾರುತ್ತ ನೆಲಕ್ಕೆ ಕೂತ. ಮೊದಲು ಯಾವಾಗಲೂ ಕೂರುತ್ತಿದ್ದ ಜಾಗವೇ ಅದು. ಬದಿಯಲ್ಲಿದ್ದ ಸಾಗುವಾನಿ ಪಟ್ಟಿಯೊಂದನ್ನು ಎಳೆದುಕೊಂಡು, ಎಡಗಾಲಿನ ಹಿಮ್ಮಡಿಯಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮರ ಹೆರೆಯುವ ರಂಧಾ ತಳ್ಳಿದ. ಒಂದೇ ಕಾಲಿನ ಹಿಡಿತದಲ್ಲಿ ಪಟ್ಟಿ ಗಡಿಯಾರದ ಮುಳ್ಳಿನ ಹಾಗೆ ತಿರುಗಿಬಿಟ್ಟಿತು. ಮತ್ತೆ ನೇರ ಮಾಡಿದ. ಮತ್ತೆ ತಿರುಗಿತು. ಮೂರನೆಯ ಸಲ ಮೊಣಕಾಲಿನ ಕೆಳಗೆ ಉಳಿದಿದ್ದ ಬಲಗಾಲಿನ ತುಂಡನ್ನೇ ಅದರ ಮೇಲೆ ಊರಲು ಹೋಗಿ ಹಲ್ಲು ಕಚ್ಚಿದ. ಆಮೇಲೆ ರಂಧಾವನ್ನು ಪಕ್ಕಕ್ಕೆ ಮಲಗಿಸಿಟ್ಟು, "ಚಾ ತರಸು," ಅಂದ.

ನಮ್ಮದು ದೇವರ ಮಂಟಪ ಮಾಡುವ ಕೆಲಸ. ಫ್ಲಾಟುಗಳ ಹಾಲಿನ ಮೂಲೆಯಲ್ಲಿ ಇಡುತ್ತಾರಲ್ಲ, ಮೇಲೊಂದು ಗೋಪುರ, ಎರಡು ಬಾಗಿಲು, ಕೆಳಗೆ ಊದುಬತ್ತಿ ಇಡಲು ಒಂದು ಡ್ರಾವರ್, ಅಂಥವು. ಮಲಾಡಿನ ಶೋರೂಮ್ ಒಂದಕ್ಕೆ ವರ್ಷವಿಡೀ ಮಾಡಿಕೊಡುತ್ತೇವೆ. ನಾನು ಉಡುಪಿ ಕಡೆಯವನು, ಅವನು ಬಾಗಲಕೋಟೆ ಕಡೆಯವನು. ಇಬ್ಬರೂ ನೆಲದ ಮೇಲೆ ಕೂತೇ ಕೆಲಸ ಕಲಿತವರು. ನೆಲದ ಕೆಲಸದಲ್ಲಿ ಮರವನ್ನು ಹಿಡಿಯುವುದು ಪಾದ. ಹೆಬ್ಬೆರಳಿನಿಂದ ಅದುಮಿ, ಹಿಮ್ಮಡಿಯಿಂದ ತಡೆದು, ಬೇಕಾದಾಗ ಎರಡು ಪಾದಗಳ ನಡುವೆ ಹಲಗೆಯನ್ನು ನಿಲ್ಲಿಸಿಕೊಂಡು ಕೆಲಸ ಮಾಡುತ್ತೇವೆ. ಅವನ ಪಾದಗಳಂತೂ ಇನ್ನೊಂದು ಜೊತೆ ಕೈಯ ಹಾಗಿದ್ದವು. ಬೆರಳಿಗಿಂತ ಸಣ್ಣ ಕಂಬಗಳನ್ನು ಕಾಲ್ಬೆರಳ ಸಂದಿನಲ್ಲಿ ಹಿಡಿದು ಕೆತ್ತುತ್ತಿದ್ದ. ಸಕ್ಕರೆ ಕಾಯಿಲೆ ಬಲಪಾದದ ಸ್ಪರ್ಶವನ್ನು ಮೆಲ್ಲಗೆ ತೆಗೆದುಬಿಟ್ಟಿತ್ತು. ಉಳಿ ತಾಗಿ ಆದ ಗಾಯ ಅವನಿಗೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಪಾದ ಕಪ್ಪಗಾಗಿತ್ತು.

ಚಹಾ ಕುಡಿಯುತ್ತ ನಾನು, "ನಿನಗೊಂದು ಬೆಂಚ್ ಮಾಡುವ ಮಾರಾಯ. ಮೇಜಿನ ಹಾಗೆ, ತಿರುಪಿನಿಂದ ಮರ ಹಿಡಿಯುವ ವೈಸ್ ಇರುವಂಥದ್ದು. ಅದು ಹಿಡೀತದೆ, ನೀನು ಎರಡೂ ಕೈಯಲ್ಲಿ ಕೆಲಸ ಮಾಡು," ಅಂದೆ.

"ಬೆಂಚ್ ಮ್ಯಾಲೆ ಯಾರರೆ ಮಂಟಪ ಮಾಡತಾರೇನು?"

"ವಿದೇಶದವರು ಎಲ್ಲವನ್ನೂ ಅದರ ಮೇಲೇ ಮಾಡೋದು. ನಾನು ಹಿಂದೆ ಮಲಾಡಿನ ಫರ್ನಿಚರ್ ಫ್ಯಾಕ್ಟರಿಯಲ್ಲಿ ಇದ್ದಾಗ ಅಂಥ ಬೆಂಚ್ ನೋಡಿದ್ದೇನಲ್ಲ."

ಅವನು ಲೋಟದ ತಳ ನೋಡಿದ. "ಮಾಡು," ಅಂದ. ಅವನ ಮುಖದಲ್ಲಿ ಏನಿತ್ತೆಂದು ಆಗ ನಾನು ಗಮನಿಸಲಿಲ್ಲ. ಬೆಂಚಿನ ಚಿತ್ರ ಆಗಲೇ ನನ್ನ ತಲೆಯೊಳಗೆ ಎದ್ದು ನಿಂತಿತ್ತು.

ಮೇಲ್ಮೈಗೆ ಭಾರವಾದ, ಒಣಗಿದ ಮರ ಬೇಕಿತ್ತು. ಕೆಡವಿದ ಹಳೆಯ ಚಾಳಿನ ಸಾಲುಮನೆಗಳ ತೊಲೆಗಳನ್ನು ಮಾರುವವನ ಹತ್ತಿರ ಎರಡು ಸಾಗುವಾನಿ ತೊಲೆ ಸಿಕ್ಕಿದವು. ಹೊಗೆ, ಸುಣ್ಣ, ಯಾರೋ ಬಳಿದ ಹಸಿರು ಬಣ್ಣ ಎಲ್ಲ ಅಂಟಿಕೊಂಡಿದ್ದರೂ ಒಳಗಿನ ಮರ ಜೇನಿನ ಬಣ್ಣದ್ದು. ಆದರೆ ಒಳಗೆ ಮುರಿದ ಮೊಳೆಗಳೂ ಇದ್ದವು. ಅಯಸ್ಕಾಂತ ಹಿಡಿದು ಇಂಚಿಂಚು ಹುಡುಕಿ ಕಿತ್ತರೂ ಒಂದು ತಪ್ಪಿಸಿಕೊಂಡು ನನ್ನ ರಂಧಾದ ಅಲಗನ್ನು ತಿಂದಿತು.

ಬೆಂಚಿನ ಗುಟ್ಟಿರುವುದು ಹಿಡಿತದಲ್ಲಿ. ಮುಂಭಾಗದಲ್ಲಿ ಒಂದು ವೈಸ್, ಹಲಗೆಯನ್ನು ನಿಲ್ಲಿಸಿ ಹಿಡಿಯಲು. ಬಲತುದಿಯಲ್ಲಿ ಇನ್ನೊಂದು, ಹಲಗೆಯನ್ನು ಮಲಗಿಸಿ ಉದ್ದಕ್ಕೆ ಒತ್ತಲು. ಮೇಲ್ಮೈಯ ಅಂಚಿನುದ್ದಕ್ಕೆ ಸಾಲಾಗಿ ಚೌಕ ತೂತುಗಳು, ಅವುಗಳಲ್ಲಿ ಗೂಟಗಳು. ಒಂದು ಗೂಟ ಮೇಲ್ಮೈಯಲ್ಲಿ, ಎದುರಿನ ಗೂಟ ವೈಸಿನ ಸರಿಯುವ ದವಡೆಯಲ್ಲಿ, ನಡುವೆ ಹಲಗೆ. ತಿರುಪು ಬಿಗಿ ಮಾಡಿದರೆ ಹಲಗೆಯ ಎರಡು ತುದಿಗಳನ್ನು ಗೂಟಗಳೇ ಹಿಡಿಯುತ್ತವೆ, ಮೇಲೆ ಏನೂ ಅಡ್ಡ ಬರುವುದಿಲ್ಲ. ಆದರೆ ತೂತು ನೇರವಿದ್ದರೆ ಒತ್ತಡಕ್ಕೆ ಗೂಟ ತುಸು ಹಿಂದಕ್ಕೆ ವಾಲಿ ಹಲಗೆಯನ್ನು ಮೇಲಕ್ಕೆತ್ತುತ್ತದೆ. ಅದಕ್ಕೇ ತೂತುಗಳು ಹಲಗೆಯ ಕಡೆಗೆ ಒಂಚೂರು, ಎರಡು ಡಿಗ್ರಿಯಷ್ಟು, ವಾಲಿರಬೇಕು. ಆಗ ಬಿಗಿ ಮಾಡಿದಷ್ಟೂ ಹಲಗೆ ಕೆಳಕ್ಕೆ ಕೂರುತ್ತದೆ.

ದಪ್ಪ ತೊಲೆಯಲ್ಲಿ ಓರೆಯಾದ ಚೌಕ ತೂತು ಕೊರೆಯುವುದು ನನ್ನಿಂದಾಗುವ ಕೆಲಸವಲ್ಲ. ಹಾಗಾಗಿ ಅಂಚಿಗೆ ಬೇರೆಯೇ ಒಂದು ಪಟ್ಟಿ ಸೀಳಿಕೊಂಡೆ. ಅದರ ಬದಿಯಲ್ಲಿ ಗರಗಸದಿಂದ ಜೋಡಿ ಜೋಡಿ ಓರೆ ಗೆರೆ ಕೊಯ್ದು, ನಡುವಿನ ಮರವನ್ನು ಉಳಿಯಿಂದ ತೆಗೆದೆ. ಆಮೇಲೆ ಪಟ್ಟಿಯನ್ನು ಮೇಲ್ಮೈಯ ಅಂಚಿಗೆ ಅಂಟಿಸಿದರೆ ಆ ಕಚ್ಚುಗಳೇ ತೂತುಗಳಾಗುತ್ತವೆ. ಓರೆ ಎಲ್ಲದರಲ್ಲೂ ಒಂದೇ ಇರಲೆಂದು ಬೆಣೆಯಾಕಾರದ ಒಂದು ಮರದ ತುಂಡನ್ನು ಅಳತೆಗೋಲು ಮಾಡಿಕೊಂಡಿದ್ದೆ.

ಗೂಟಗಳನ್ನು ಅವನು ಮಾಡಿದ. ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿ ಅವನ ಮನೆ. ಹೊಸ್ತಿಲಲ್ಲಿ ಕೂತು, ಗಟ್ಟಿ ಜಾಲಿಯ ತುಂಡುಗಳನ್ನು ಚಾಕುವಿನಲ್ಲಿ ಕೆತ್ತಿ, ಗೂಟ ತೂತಿನೊಳಗೆ ಜಾರಿಬೀಳದಂತೆ ಪ್ರತಿಯೊಂದರ ಬೆನ್ನಿಗೂ ಬಿದಿರಿನ ಸ್ಪ್ರಿಂಗ್ ಕಟ್ಟಿದ. ಸಂಜೆ ನಾನು ಹೋದಾಗ ಒಂದನ್ನು ನನ್ನ ಅಂಗೈಗಿಟ್ಟು, "ಇದನ್ನ ಹಾಕಿ ನೋಡು, ಬಿಗಿ ಆಗಬಾರದು, ಸಡಿಲೂ ಆಗಬಾರದು," ಅನ್ನುತ್ತಿದ್ದ. ಆ ದಿನಗಳಲ್ಲಿ ಅವನು ಹುರುಪಾಗಿದ್ದ, ಅದು ಸುಳ್ಳಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಅಂಟು ಬೇಗ ಒಣಗಲಿಲ್ಲ. ಒಣಗಿದ ಮೇಲೆ ಎರಡು ನೇರ ಪಟ್ಟಿಗಳನ್ನು ಎರಡು ತುದಿಗಿಟ್ಟು ಕಣ್ಣು ಹಾಯಿಸಿದರೆ ಒಂದರ ಅಂಚು ಇನ್ನೊಂದಕ್ಕೆ ಹೊಂದುತ್ತಿಲ್ಲ. ಇಡೀ ಮೇಲ್ಮೈ ತಿರುಚಿಕೊಂಡಿತ್ತು. ಬಾಗಿಲ ಕಡೆಯ ತೇವ ಒಂದು ಮಗ್ಗುಲಿಗೆ ಹೆಚ್ಚು ತಾಗಿತ್ತು. ಅದನ್ನು ನೆಲಕ್ಕಿಳಿಸಿ, ನಾನು ಅದರ ಮೇಲೇ ಕೂತು, ಎತ್ತರವಾದ ಎರಡು ಮೂಲೆಗಳನ್ನು ದಿನವಿಡೀ ಹೆರೆದೆ. ಮರುವಾರ ಮತ್ತೆ ಸ್ವಲ್ಪ ತಿರುಚಿತು. ಮತ್ತೆ ಹೆರೆದೆ.

ವೈಸಿನ ಕಬ್ಬಿಣದ ತಿರುಪುಗಳನ್ನು ಹತ್ತಿರದ ಲೇಥ್ ಅಂಗಡಿಯಲ್ಲಿ ಮಾಡಿಸಿದೆ. ಬಲತುದಿಯ ವೈಸ್ ಜೋಡಿಸಿ, ಗೂಟ ಹಾಕಿ, ಹಲಗೆಯಿಟ್ಟು ಬಿಗಿದರೆ ಬೆಂಚಿನ ಕಡೆಯ ತುದಿ ಗಟ್ಟಿ ಕೂತಿತು, ವೈಸಿನ ಕಡೆಯ ತುದಿ ಕುಪ್ಪಳಿಸಿ ಮೇಲೆದ್ದಿತು. ಎಷ್ಟು ಸಲ ಮಾಡಿದರೂ ಹಾಗೆಯೇ. ತಿರುಪು ಸೊಟ್ಟಗಿದೆ ಎಂದುಕೊಂಡು ಲೇಥಿನವನ ಜೊತೆ ಜಗಳಕ್ಕೂ ಹೋದೆ. ನನ್ನ ಜೊತೆಗಾರನನ್ನು ಆಟೋದಲ್ಲಿ ಕರೆಸಿದೆ. ಅವನು ಎರಡೂ ಗೂಟಗಳನ್ನು ಬೆರಳಿನಿಂದ ಸವರಿ, "ಎರಡೂ ಒಂದ ಕಡೆ ವಾಲ್ಯಾವಲ್ಲೋ. ಒಂದಕ್ಕೊಂದು ಎದರಾಬದರಾ ನೋಡಬೇಕಲ್ಲ ಇವು?" ಅಂದ.

ಹೌದು. ದವಡೆಯ ತೂತನ್ನೂ ಅದೇ ಬೆಣೆ ಹಿಡಿದು, ಅದೇ ದಿಕ್ಕಿಗೆ ಕೊಯ್ದಿದ್ದೆ. ಆ ದವಡೆಯನ್ನು ತೆಗೆದೆಸೆದು ಹೊಸದು ಮಾಡಿದೆ. ಈ ಸಲ ಬೆಣೆ ತಿರುಗಿಸಿ ಹಿಡಿದೆ.

ಬೆಂಚು ನಿಂತಾಗ ಮಳೆ ಬಿಟ್ಟಿತ್ತು. ಅವನಿಗೂ ಕೃತಕ ಕಾಲು ಬಂದಿತ್ತು. ಅದನ್ನು ಕಟ್ಟಿಕೊಂಡು, ಮೇಲೆ ಪ್ಯಾಂಟ್ ಇಳಿಬಿಟ್ಟು ಗಾಲಾಕ್ಕೆ ಬಂದ. ಬೆಂಚು ಅವನ ಸೊಂಟದೆತ್ತರಕ್ಕಿತ್ತು. ಉದ್ದದ ಹಲಗೆಯೊಂದನ್ನು ಗೂಟಗಳ ನಡುವೆ ಇಟ್ಟು, ಹಿಡಿಕೆ ತಿರುಗಿಸಿ ಬಿಗಿದು, ಬೆರಳ ಗಿಣ್ಣಿನಿಂದ ಕುಟ್ಟಿ ನೋಡಿದ. ಒಂದೇ ಗಟ್ಟಿ ಸದ್ದು. ಆಮೇಲೆ ಈ ತುದಿಯಿಂದ ಆ ತುದಿಯವರೆಗೆ ರಂಧಾ ತಳ್ಳಿದ. ಹಲಗೆಯಷ್ಟೇ ಉದ್ದದ ಹೆರೆ ಸುರುಳಿಯಾಗಿ ಎದ್ದು ಅವನ ಕೈಮೇಲೆ ಬಿತ್ತು.

"ಹಂದಾವಲ್ದು ನೋಡು, ಒಂದೀಟೂ ಅಲಗಾಡವಲ್ದು," ಅಂದ.

ಅಂದು ನಾನು ಮುಲುಂಡಿನ ನನ್ನ ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಬಾಗಿಲ ಬಳಿ ನಿಂತು, ಎದುರಿನ ಅಪರಿಚಿತನನ್ನು ನೋಡಿ ನಕ್ಕಿರಬೇಕು, ಆತನೂ ನಕ್ಕ.

ಅವನು ದಿನಾ ಬರತೊಡಗಿದ. ಬಾಗಿಲುಗಳು, ಚೌಕಟ್ಟುಗಳು, ಗೋಪುರದ ಮೆಟ್ಟಿಲುಗಳು ಮೊದಲಿಗಿಂತ ನಿಖರವಾಗಿ ಆಗುತ್ತಿದ್ದವು. ಮಲಾಡಿನ ಶೋರೂಮಿನವನು ಸಂದುಗಳಲ್ಲಿ ಉಗುರು ತೂರಿಸಲು ನೋಡಿ, "ಮಶೀನ್ ಲಿಯಾ ಕ್ಯಾ?" ಅಂದ, ಹೊಸ ಮಶೀನ್ ಕೊಂಡೆವಾ ಎಂಬಂತೆ. ನಾನು ಅದನ್ನು ಬಂದು ಹೇಳಿದಾಗ ಜೊತೆಗಾರ ನಕ್ಕ ಹಾಗೆ ಮಾಡಿದ.

ಕೆಲವು ವಾರಗಳ ನಂತರ ಅವನು ಬೆಂಚಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುವುದು ಕಣ್ಣಿಗೆ ಬಿತ್ತು. ಭಾರವನ್ನೆಲ್ಲ ಬೆಂಚಿನ ಮೇಲೆ ಹಾಕಿ, ಬಲಗಾಲನ್ನು ಹಗುರ ಮಾಡಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೃತಕ ಕಾಲಿನ ಪಟ್ಟಿ ಬಿಚ್ಚಿದ. ಒಳಗಿನ ಬಿಳಿ ಕಾಲುಚೀಲದ ಮೇಲೆ ಕಂದು ಕಲೆ ಇತ್ತು.

"ಎಂತದ್ದು ಅದು?"

"ಬೆವರು."

"ಬೆವರಿಗೆ ಆ ಬಣ್ಣ ಉಂಟಾ?"

ಅವನು ಡಬ್ಬಿ ತೆರೆದು ರೊಟ್ಟಿ ಮುರಿದ. ಅವನ ಹೆಂಡತಿ ಮುಲುಂಡಿನ ಮನೆಗಳಿಗೆ ರೊಟ್ಟಿ ಮಾಡಿಕೊಡುವವಳು. ನನಗೂ ಸೇರಿಸಿಯೇ ಕಟ್ಟಿ ಕಳಿಸುತ್ತಿದ್ದಳು. ಅಂದು ನಾನು ರೊಟ್ಟಿ ಮುರಿಯುತ್ತ ಬೆಂಚಿನ ಕಾಲುಗಳನ್ನೇ ನೋಡುತ್ತಿದ್ದೆ.

ಆ ಬೆಂಚನ್ನು ನಾನು ನಿಲ್ಲುವವನ ಎತ್ತರಕ್ಕೆ ಮಾಡಿದ್ದೆ, ಫ್ಯಾಕ್ಟರಿಯಲ್ಲಿ ನೋಡಿದ್ದು ಹಾಗಿತ್ತು. ಅವನು ನಿಲ್ಲುವುದೂ ನನಗೆ ಬೇಕಾಗಿತ್ತು. ಊಟವಾದ ಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮೊಣಕೈ ಮಡಚಿಸಿ, ನೆಲದಿಂದ ಅಳತೆ ತೆಗೆದೆ. ಬೆಂಚಿನ ನಾಲ್ಕು ಕಾಲುಗಳ ಮೇಲೂ ಪೆನ್ಸಿಲ್ ಗೆರೆ ಎಳೆದೆ.

"ಬ್ಯಾಡ. ಇಷ್ಟು ಛಲೋ ಮಾಡಿದ್ದನ್ನ ಕೆಡಸಬ್ಯಾಡ," ಅಂದ.

"ಕೆಡಿಸುವುದಲ್ಲ, ತಗ್ಗಿಸುವುದು."

"ಮುಂದ ನಿನಗ ಉಪಯೋಗಕ್ಕ ಬರೂದಿಲ್ಲ."

"ನನಗೆ ನೆಲ ಉಂಟಲ್ಲ."

ಬೆಂಚನ್ನು ಮಗುಚಿ ಹಾಕಿ ನಾಲ್ಕನ್ನೂ ಕೊಯ್ದೆ. ಅವನು ಅಷ್ಟು ಹೊತ್ತೂ ಬೀದಿಯ ಕಡೆಗೆ ಮುಖ ಮಾಡಿ ಕೂತಿದ್ದ.

ತಗ್ಗಿಸಿದ ಬೆಂಚು ಬೇರೆಯದೇ ತಕರಾರು ತೆಗೆಯಿತು. ಕಾಲುಗಳ ನಡುವಿನ ಅಡ್ಡಪಟ್ಟಿ ಅವನ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ತೆಗೆದರೆ ಬೆಂಚು ರಂಧಾದ ಏಟಿಗೆ ಓಲಾಡಿತು. ಹಿಂಭಾಗವನ್ನು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿದೆ. ಮುಂದಿನ ವೈಸಿನ ಹಿಡಿಕೆ ತೊಡೆಗೆ ಬಡಿಯುತ್ತಿತ್ತು. ಇಡೀ ವೈಸನ್ನು ಕಿತ್ತು ಎಡತುದಿಗೆ ಸರಿಸಿದೆ. ಕೂತು ರಂಧಾ ಹೊಡೆಯುವಾಗ ಸೊಂಟದ ಬಲ ಸಿಗುವುದಿಲ್ಲ, ತೋಳುಗಳದ್ದೇ ಕೆಲಸ. ಅದಕ್ಕೆ ಸಣ್ಣ ರಂಧಾದ ಅಲಗನ್ನು ಕೂದಲೆಳೆಯಷ್ಟು ಹೆರೆಯುವಂತೆ ಮಸೆದುಕೊಟ್ಟೆ. ಒಂದೊಂದಾಗಿ ಎಲ್ಲವೂ ಸರಿಹೋಯಿತು. ಕಾಲಿನ ಗಾಯ ಒಣಗಿತು. ಅವನು ಕೂತು ಮಾಡಿದ ಮೊದಲ ಮಂಟಪ ಮಲಾಡಿಗೆ ಹೋಯಿತು. ನನ್ನ ಲೆಕ್ಕದಲ್ಲಿ ಕಷ್ಟ ಮುಗಿದಿತ್ತು.

ಆದರೆ ಅವನು ಮಾತು ಕಡಿಮೆ ಮಾಡಿದ. ಮೊದಲು ಕೆಲಸದ ನಡುವೆ ತನ್ನೂರಿನ ಹಾಡಿನ ತುಂಡು ಗುನುಗುತ್ತಿದ್ದ, ನನ್ನ ಕನ್ನಡವನ್ನು ಅಣಕಿಸುತ್ತಿದ್ದ. ಈಗ ಬಂದು ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೆ ವೈಸಿನ ತಿರುಪಿನ ಕಿರ್ರೆನ್ನುವ ಸದ್ದು ಬಿಟ್ಟರೆ ಆ ಮೂಲೆಯಿಂದ ಬೇರೆ ಏನೂ ಕೇಳುತ್ತಿರಲಿಲ್ಲ. ಔಷಧದ ಸುಸ್ತು ಇರಬಹುದೆಂದು ನಾನು ಕೇಳಲಿಲ್ಲ.

ಅವನ ಮಗಳು ಮುಲುಂಡಿನ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ನಾನು ಮುಲುಂಡ್ ಸ್ಟೇಷನ್ನಿನಲ್ಲಿ ಇಳಿದಾಗ ಅವಳು ಮನೆಗೆ ಹೋಗಲು ಎದುರಿನ ಪ್ಲಾಟ್‌ಫಾರ್ಮಿಗೆ ಹೊರಟಿದ್ದಳು. ನನ್ನನ್ನು ನೋಡಿ ಸೇತುವೆಯ ಮೆಟ್ಟಿಲ ಬಳಿ ನಿಂತಳು. ಅವಳ ಕನ್ನಡ ತಡವರಿಸುತ್ತದೆ, ನಡುನಡುವೆ ಹಿಂದಿ ಬರುತ್ತದೆ.

"ಕಾಕಾ, ಏಕ್ ಬಾತ್ ಬೋಲೂ? ಪಪ್ಪಾಗೆ ಹೇಳ್ಬೇಡಿ ಪ್ಲೀಸ್."

"ಹೇಳು ಮಗಾ."

"ಪಪ್ಪಾಗೆ... ಕಾಮ್ ಪೇ ಬರಕ್ಕೆ ಮನಸ್ಸಿಲ್ಲ. ಡೈಲಿ ಬೆಳಗ್ಗೆ ಆ ಕಾಲ್ ಹಾಕ್ಕೊಂಡು ಬಾಗ್ಲಲ್ಲಿ ಕೂತ್ಕೋತಾರೆ. ಬಹುತ್ ದೇರ್. ಮಮ್ಮಿ ಹೇಳ್ತಾಳೆ, ಮತ್ ಜಾವೋ, ಹೋಗ್ಬೇಡಿ. ಪಪ್ಪಾ ಹೇಳೋದು, ಅವ್ನು ನನಗೋಸ್ಕರ ಬೆಂಚ್ ಮಾಡ್ಯಾನ, ಕಾಲ್ ಭೀ ಕಟ್ ಮಾಡ್ದ ಅದ್ರದ್ದು, ನಾನ್ ಹೋಗ್ದಿದ್ರೆ ಅವ್ನಿಗೆ ಕೈಸಾ ಲಗೇಗಾ, ಬೇಜಾರಾಗಲ್ವಾ..." ಅವಳ ಕಣ್ಣು ತುಂಬಿತು. "ಪಪ್ಪಾ ಥಕ್ ಗಯೇ, ಕಾಕಾ. ಸಾಕಾಗಿದೆ ಅವ್ರಿಗೆ."

ಗಾಡಿ ಬಂತು. ಅವಳು ಓಡಿದಳು. ಜನ ನನ್ನನ್ನು ತಳ್ಳಿಕೊಂಡು ಹೋದರು.

ಮೊದಲು ಬಂದದ್ದು ಸಿಟ್ಟು. ಮನಸ್ಸಿಲ್ಲದಿದ್ದರೆ ಹೇಳಬಹುದಿತ್ತಲ್ಲ? ಮೊದಲ ದಿನ ಚಹಾ ಕುಡಿಯುವಾಗಲೇ ಹೇಳಬಹುದಿತ್ತಲ್ಲ? ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ಒಬ್ಬ ಇಡೀ ಮಳೆಗಾಲ ನನಗೋಸ್ಕರ ಮರದ ಜೊತೆ ಗುದ್ದಾಡುವುದನ್ನು ನೋಡಿಕೊಂಡು, ಬೇಡ ಅನ್ನುವ ಮಾತು ಯಾವ ಬಾಯಿಂದ ಬರುತ್ತದೆ?

ಮುಂದಿನ ದಿನಗಳಲ್ಲಿ ಅವನನ್ನು ಗಮನಿಸಿದೆ. ಬೆಳಿಗ್ಗೆ ಒಳಗೆ ಬರುವ ಮುಂಚೆ ಹೊರಗೆ ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದ. ಹಲಗೆ ಬಿಗಿದು ಕೈ ಅದರ ಮೇಲಿಟ್ಟು ಸುಮ್ಮನೆ ಕೂರುತ್ತಿದ್ದ. ನಾನು ತಿರುಗಿದರೆ ಕೂಡಲೇ ರಂಧಾ ಎತ್ತಿಕೊಳ್ಳುತ್ತಿದ್ದ. ಬರಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದು ಎಷ್ಟೋ ಸಲ. ಹೊರಹಾಕಿದ ಹಾಗೆ ಅವನಿಗೆ ಅನ್ನಿಸಿದರೆ? ಅವನಿಲ್ಲದ ಗಾಲಾದಲ್ಲಿ ನಾನೊಬ್ಬನೇ ಕೂರುವುದು ಹೇಗೆ? ಈ ಎರಡನೆಯ ಪ್ರಶ್ನೆಯೇ ದೊಡ್ಡದಿತ್ತು. ಬೆಂಚು ಮಾಡಲು ಹೊರಟ ದಿನವೂ ಅದೇ ಇತ್ತೋ ಏನೋ.

ಕೈಯಲ್ಲಿದ್ದ ಮಂಟಪದ ಬಾಗಿಲುಗಳು ಮುಗಿದ ದಿನ, ಊಟದ ಡಬ್ಬಿ ತೊಳೆದಿಟ್ಟು ಅವನ ಹತ್ತಿರ ನೆಲದ ಮೇಲೆ ಕೂತೆ.

"ನಾಳೆಯಿಂದ ನೀನು ಬರುವುದು ಬೇಡ."

ಅವನು ಗಾಬರಿಯಿಂದ ನೋಡಿದ. "ಯಾಕ? ಕೆಲಸ ಕೆಟ್ಟೈತೇನು?"

"ಕೆಲಸ ಕೆಟ್ಟಿಲ್ಲ. ನಿನಗೆ ಮನಸ್ಸಿಲ್ಲ. ನನಗೆ ಗೊತ್ತುಂಟು."

"ಮಗಳು ಹೇಳಿದಳೇನು?"

ಅವನು ಅಂಗೈಯಿಂದ ಬೆಂಚಿನ ಮೇಲಿದ್ದ ಹೆರೆಗಳನ್ನು ಒಟ್ಟು ಮಾಡಿದ, ಮತ್ತೆ ಹರಡಿದ.

"ಬೆಂಚ್ ಛಲೋ ಐತಿ," ಅಂದ. "ಅದರಾಗೇನೂ ತಪ್ಪಿಲ್ಲ. ನನ್ನ ಕಾಲಿಗಿಂತ ಗಟ್ಟಿ ಹಿಡೀತೈತಿ. ಆದರ ಮೊದಲ ಹಲಗಿ ನನ್ನ ಮೈಗೆ ಹತ್ತಿ ಇರ್ತಿತ್ತು. ಎಲ್ಲಿ ಗಂಟೈತಿ, ಎಲ್ಲಿ ನಾರು ತಿರುಗತೈತಿ, ಕಾಲಿಗೆ ತಿಳೀತಿತ್ತು. ಅದು ಮರಗಟ್ಟಿದ ಮ್ಯಾಲೂ ಒಂದೀಟು ತಿಳೀತಿತ್ತು, ನಿನಗ ಹೇಳಿರಲಿಲ್ಲ. ಈಗ ಹಿಡಿಯೂದು ಅದು, ತಳ್ಳೂದು ನಾ. ಬಾಗಲಾ ಆಗತಾವು, ಚೌಕಟ್ಟ ಆಗತಾವು. ಸಂಜಿಗೆ ನೋಡಿದರ ನಾ ಮಾಡಿದ್ದು ಅನ್ನಸೂದ ಇಲ್ಲ."

"ಮೊದಲೇ ಹೇಳಬಾರದಿತ್ತಾ ಮಾರಾಯ?"

"ಅದು ತಿರುಚಿದಾಗೊಮ್ಮೆ ನೀ ಹೆರೀತಿದ್ದಿ. ಹೆಂಗ ಹೇಳ್ಲಿ?"

ಪಕ್ಕದ ಗಾಲಾದಲ್ಲಿ ಯಾರೋ ಪೌಡರ್ ಕೋಟಿಂಗ್ ಯಂತ್ರ ಶುರುಮಾಡಿದರು. ಅವನು ವೈಸಿನ ತಿರುಪು ಸಡಿಲಿಸಿ ಬಾಗಿಲನ್ನು ಹೊರತೆಗೆದು ನನಗೆ ಕೊಟ್ಟ. ಗೂಟಗಳನ್ನು ಒಂದೊಂದಾಗಿ ಮೇಲ್ಮೈಗೆ ಸಮವಾಗುವಂತೆ ಒಳಕ್ಕೆ ಒತ್ತಿದ. ಉಳಿಗಳ ಬಾಯಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿದ. ಮನೆಗೆ ಒಯ್ಯುತ್ತಾನೆಂದುಕೊಂಡೆ. ನನ್ನ ಉಳಿಗಳಿದ್ದ ಪೆಟ್ಟಿಗೆಯಲ್ಲಿಟ್ಟ.

ಆಟೋದವರೆಗೆ ಜೊತೆಗೆ ನಡೆದೆ. ಅವನು ನನ್ನ ಹೆಗಲು ಹಿಡಿದಿದ್ದ. ಸೀಟಿನ ಮೇಲೆ ಕೂತು, ಕೃತಕ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆಳೆದುಕೊಂಡ. ಆಟೋ ಶುರುವಾದ ಮೇಲೆ ತಲೆ ಹೊರಗೆ ಹಾಕಿದ.

"ನೀ ಕರದ್ರ ನಾ ಬರ್ತೀನಿ," ಅಂದ. "ಅದಕ್ಕ ಹೇಳತೀನಿ, ಕರೀಬ್ಯಾಡ."

ಬೆಂಚು ಗೋಡೆಗೆ ಬಿಗಿದುಕೊಂಡು ಅಲ್ಲೇ ಇದೆ. ನನ್ನ ಕೆಲಸ ನೆಲದ ಮೇಲೆ ನಡೆಯುತ್ತದೆ. ಪಾಲಿಶ್ ಆದ ಮಂಟಪಗಳನ್ನು ಒಣಗಲು ಅದರ ಮೇಲಿಡುತ್ತೇನೆ. ಭಾನುವಾರಗಳಂದು ಗುಡ್ಡ ಹತ್ತಿ ಅವನ ಮನೆಗೆ ಹೋಗುತ್ತೇನೆ. ಹೊಸ್ತಿಲಲ್ಲಿ ಕೂತು ಮಾತಾಡುತ್ತೇವೆ. ಅವನ ಇನ್ನೊಂದು ಕಾಲಿನ ಬಗ್ಗೆ, ಮಗಳಿಗೆ ಬಂದ ಸಂಬಂಧದ ಬಗ್ಗೆ. ಮರದ ಮಾತು ಇಬ್ಬರೂ ಎತ್ತುವುದಿಲ್ಲ.

ಈ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಮಲಾಡಿನಿಂದ ಒಮ್ಮೆಗೇ ತುಂಬ ಕೆಲಸ ಬಂತು. ಗೋಪುರಗಳ ಸಣ್ಣ ಕೆತ್ತನೆ ನನ್ನ ಕೈಗೆ ಬಗ್ಗುವುದಿಲ್ಲ. ಎರಡು ಸಲ ಕೆಡಿಸಿ, ಫೋನ್ ಎತ್ತಿಕೊಂಡು ಅವನ ನಂಬರ್ ತೆಗೆದೆ. ಪರದೆಯ ಮೇಲೆ ಅವನ ಹೆಸರು ಬೆಳಗಿತು. ಒಂದೇ ರಿಂಗಿಗೆ ಎತ್ತುತ್ತಾನೆ, ಎರಡನೆಯ ಮಾತಿಲ್ಲದೆ ಆ ಕಾಲು ಕಟ್ಟಿಕೊಂಡು ಹೊರಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಪರದೆ ತಾನಾಗಿ ಕಪ್ಪಾಗುವವರೆಗೆ ಹಿಡಿದುಕೊಂಡಿದ್ದು, ಮೂರನೆಯ ತುಂಡು ಮರ ತೆಗೆದುಕೊಂಡೆ.